ತಟ್ಟೆಯ ಮೇಲೆ ಹದಿನೈದು ನಿಮಿಷ

ಹಳೇಬೀಡಿನ ಪ್ರೌಢಶಾಲೆಯೊಂದರ ಗುಮಾಸ್ತ ಇಂದುಧರನ ಫೋನಿನಲ್ಲಿ ಸಂಜೆ ಆರಕ್ಕೂ ತೊಂಬತ್ತನಾಲ್ಕು ಪರ್ಸೆಂಟ್ ಚಾರ್ಜ್ ಉಳಿದಿರುತ್ತಿತ್ತು. ಇದು ಆ ಫೋನಿನ ಹೆಚ್ಚುಗಾರಿಕೆಯಲ್ಲ. ಅದಕ್ಕೆ ಯಾರೂ ಕರೆ ಮಾಡುತ್ತಿರಲಿಲ್ಲ, ಅಷ್ಟೆ. ತಿಂಗಳಿಗೊಮ್ಮೆ ಗ್ಯಾಸಿನವರು ಮಾಡುತ್ತಿದ್ದರು, ಅದೂ ಗೇಟು ತೆಗೆಯಿರಿ ಎಂದು ಹೇಳಲು. ಇಂಥ ಮನುಷ್ಯ ತನ್ನ ಎಲೆಕ್ಟ್ರಿಕ್ ಕಾರಿಗೆ ವೈರಿಲ್ಲದೆ ಫೋನ್ ಚಾರ್ಜ್ ಮಾಡುವ ತಟ್ಟೆ ಹಾಕಿಸಲು ಹೊರಟಾಗ ಅವನ ಊರಾದ ಅರಸೀಕೆರೆಯಲ್ಲಿ ಯಾರೂ ಯಾಕೆ ಎಂದು ಕೇಳಲಿಲ್ಲ. ಅವನನ್ನು ಯಾಕೆ ಎಂದು ಕೇಳುವ ಅಭ್ಯಾಸ ಊರಿಗೆ ತಪ್ಪಿಹೋಗಿ ಬಹಳ ವರ್ಷವಾಗಿತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೂ ಅವನಿಗೆ ನಲವತ್ತು ತುಂಬಿದ ವರ್ಷ ನಿಲ್ಲಿಸಿದ್ದರು.

ಆದರೆ ಕಾರಣ ಇತ್ತು.

ಇಪ್ಪತ್ತೊಂದು ವರ್ಷ ಅವನು ಅರಸೀಕೆರೆಯಿಂದ ಹಳೇಬೀಡಿಗೆ ಬಸ್ಸಿನಲ್ಲಿ ಓಡಾಡಿದ್ದ. ಬಸ್ಸು ತುಂಬಿದರೂ ಅವನ ಪಕ್ಕದ ಸೀಟು ಕೊನೆಗೆ ತುಂಬುತ್ತಿತ್ತು. ಹೋದ ವರ್ಷ ಬೂದಿ ಬಣ್ಣದ ಪುಟ್ಟ ಎಲೆಕ್ಟ್ರಿಕ್ ಕಾರು ತಗೊಂಡ. ಅರಸೀಕೆರೆಯಿಂದಲೇ ಬರುವ ಸಹೋದ್ಯೋಗಿಗಳಿಗೆ, "ಹೆಂಗೂ ಒಬ್ಬನೇ ಹೋಗ್ತೀನಿ, ಬನ್ನಿ" ಎಂದ. ಬಿಟ್ಟಿ ಪ್ರಯಾಣ, ಅವರು ಎರಡನೇ ಮಾತಾಡದೆ ಬಂದರು. ಅಲ್ಲಿಗೆ ನಿಂತಿತು. ಮೂರನೇ ಮಾತನ್ನೂ ಆಡಲಿಲ್ಲ.

ಮುಂದಿನ ಸೀಟಿನಲ್ಲಿ ಮುಖ್ಯೋಪಾಧ್ಯಾಯ ರೇವಣಸಿದ್ದಪ್ಪನವರು ಕೂತು ಫೋನಿನಲ್ಲಿ ಪ್ರವಚನ ನೋಡುತ್ತಿದ್ದರು. ಹಿಂದೆ ಸಮಾಜ ವಿಜ್ಞಾನದ ಸುಮಿತ್ರಮ್ಮ ಫೋನಿನಲ್ಲಿ ಸೀರೆ ನೋಡುತ್ತಿದ್ದರು. ಅವರ ಪಕ್ಕ ದೈಹಿಕ ಶಿಕ್ಷಣದ ಶಿವಪ್ರಕಾಶ್ ಮೇಷ್ಟ್ರು ಕಿವಿಗೆ ಬಿರಡೆ ತುರುಕಿಕೊಂಡು ಬೇರೆ ಯಾರೋ ಕಬಡ್ಡಿ ಆಡುವುದನ್ನು ನೋಡುತ್ತಿದ್ದರು. ಇಂದುಧರ ಮೊದಲ ದಿನಕ್ಕೆಂದು ಮಾತಾಡಲು ಐದು ವಿಷಯ ಯೋಚಿಸಿಕೊಂಡು ಬಂದಿದ್ದ. ಮೊದಲನೆಯದು ಕೊಬ್ಬರಿ ರೇಟು. ಆರು ತಿಂಗಳಾದರೂ ಎರಡನೆಯ ವಿಷಯದ ಸರದಿ ಬರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರಾದರೂ ಚಿಲ್ಲರೆ ಕೊಡಿ ಅನ್ನುತ್ತಿದ್ದ.

ಫೋನಿನ ಚಾರ್ಜ್ ಮುಗಿದರೆ ಮಾತಾಡಬಹುದು ಎಂದು ಕಾದ. ಮುಗಿಯುವ ಹೊತ್ತಿಗೆ ಸರಿಯಾಗಿ ಅವರು ಅವನ ಕಾರಿನದೇ ವೈರು ಸಿಕ್ಕಿಸಿಕೊಂಡರು. ಗೂಟಕ್ಕೆ ಕಟ್ಟಿದ ಕರು ಹಗ್ಗ ಎಳೆದುಕೊಂಡು ಮೇಯುವ ಹಾಗೆ ವೈರು ಎಳೆದುಕೊಂಡು ನೋಡುತ್ತಾ ಕೂತರು. ಆಗಲೇ ಇಂದುಧರನಿಗೆ ತಟ್ಟೆಯ ಯೋಚನೆ ಬಂದದ್ದು.

ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ಕಾರಿಗೆ ಸೀಟು ಕವರು, ಹಾರನ್ನು ಹಾಕುವ ಚನ್ನೇಶನ ಅಂಗಡಿಗೆ ಹೋದ.

"ವೈರ್ ಚಾರ್ಜರ್ರೇ ಚೆನ್ನಾಗಿರುತ್ತೆ ಸಾರ್," ಎಂದ ಚನ್ನೇಶ. "ಇದಕ್ಕೆ ಸುಮ್ನೆ ಕನ್ಸೋಲ್ ಬಿಚ್ಚಬೇಕು."

ಕನ್ಸೋಲ್ ಅಂದರೆ ಮುಂದಿನ ಎರಡು ಸೀಟುಗಳ ನಡುವೆ ಬೀಗದ ಕೈ, ಚಿಲ್ಲರೆ, ಕಡಲೆಕಾಯಿ ಸಿಪ್ಪೆ ಹಾಕುವ ಜಾಗ.

"ವೈರಾದ್ರೆ ಫೋನು ಕೈಲೇ ಇರುತ್ತೆ," ಎಂದ ಇಂದುಧರ.

"ಅದೇ ಅಲ್ವಾ ಸಾರ್ ಅನುಕೂಲ?"

"ಈ ತಟ್ಟೆ ಮೇಲಿಂದ ಫೋನು ಎತ್ತಿದ್ರೆ ಏನಾಗುತ್ತೆ?"

"ಎತ್ತಿದ ತಕ್ಷಣ ಚಾರ್ಜ್ ನಿಂತ್ಹೋಗುತ್ತೆ. ಅದೊಂದು ದೋಷ ಐತೆ ಇದ್ರಲ್ಲಿ. ಮುಚ್ಚಿಡಲ್ಲ ನಾನು."

"ಆ ದೋಷ ಇರೋದನ್ನೇ ಹಾಕು."

ಚನ್ನೇಶ ಹದಿನಾಲ್ಕು ವರ್ಷದಿಂದ ಅಂಗಡಿ ನಡೆಸುತ್ತಿದ್ದ. ದೋಷ ಕೇಳಿ ಹಾಕಿಸಿಕೊಂಡ ಮೊದಲ ಗಿರಾಕಿ ಇವನೇ. ಅವನು ಕನ್ಸೋಲ್ ಬಿಚ್ಚಿ, ಅಂಗೈಯಗಲದ ಕಪ್ಪು ತಟ್ಟೆ ಕೂರಿಸಿ, ಸುತ್ತ ನೀಲಿ ದೀಪದ ಬಳೆ ಬರುವ ಹಾಗೆ ಮಾಡಿದ. ಎಲ್ಲರ ಫೋನೂ ಇದಕ್ಕೆ ಒಗ್ಗುವುದಿಲ್ಲ ಎಂದು ಮೂರು ತೆಳು ಪಟ್ಟಿಗಳನ್ನೂ ಕೊಟ್ಟ. ವೀಳ್ಯದೆಲೆಯಷ್ಟು ತೆಳು, ಒಳಗೆ ತಾಮ್ರದ ತಂತಿಯ ಸುರುಳಿ. ಫೋನಿನ ಬೆನ್ನಿಗೆ ಅಂಟಿಸಿ, ಅದರ ಬಾಲವನ್ನು ಚಾರ್ಜರ್ ತೂತಿಗೆ ಸಿಕ್ಕಿಸಿ, ಮೇಲೆ ಕವರು ಹಾಕಿದರೆ ಆಯಿತು.

ಇಂದುಧರ ಅವನ್ನು ಆಯುಧಪೂಜೆಯ ದಿನ ಕಡ್ಲೆಪುರಿ ಪೊಟ್ಟಣದ ಜೊತೆ ಮೂವರಿಗೂ ಹಂಚಿದ. ಕಡ್ಲೆಪುರಿ ಕೊಟ್ಟ ಕೈಯಲ್ಲೇ ಅಂಟಿಸಿಯೂ ಕೊಟ್ಟ. ಇದು ಮುಂದೆ ಅವನ ಮೇಲೆ ಸಾಕ್ಷಿಯಾಗುತ್ತದೆಂದು ಆಗ ಅವನಿಗೆ ಹೊಳೆಯಲಿಲ್ಲ.

ತಟ್ಟೆ ಒಂದೇ, ಫೋನು ಮೂರು. ಮೊದಲ ವಾರವೇ ಜಗಳ ಬಂತು. ಶಾಲೆಯ ಜನ ಎಲ್ಲಿ ಹೋದರೂ ಶಾಲೆಯ ಜನವೇ. ಸೇವಾ ಹಿರಿತನದ ಪ್ರಕಾರ ಆಗಲಿ ಎಂದರು ರೇವಣಸಿದ್ದಪ್ಪ. ಸುಮಿತ್ರಮ್ಮನವರಿಗಿಂತ ತಾನು ಎರಡು ತಿಂಗಳು ಮುಂಚೆ ಸೇವೆಗೆ ಸೇರಿದ್ದು ಎಂದರು ಶಿವಪ್ರಕಾಶ್. ತಮ್ಮದು ಮೊದಲಿಂದಲೇ ಕಾಯಂ, ಅವರದು ಆಮೇಲೆ ಕಾಯಂ ಆದದ್ದು ಎಂದರು ಸುಮಿತ್ರಮ್ಮ. ಇಂದುಧರ ಇಬ್ಬರ ಸೇವಾ ಪುಸ್ತಕ ತೆಗೆದು ನೋಡಿ, ಜ್ಯೇಷ್ಠತಾ ಪಟ್ಟಿ ಟೈಪು ಮಾಡಿ, ಕಾರಿನ ಗ್ಲೋವ್ ಬಾಕ್ಸಿನ ಮೇಲೆ ಅಂಟಿಸಿದ. ಮುಖ್ಯೋಪಾಧ್ಯಾಯರಿಗೆ ಹದಿನೈದು ನಿಮಿಷ. ಸುಮಿತ್ರಮ್ಮನವರಿಗೆ ಹದಿನೈದು. ಶಿವಪ್ರಕಾಶರಿಗೆ ಹದಿನೈದು. ತಂತಮ್ಮ ಸರದಿಯಲ್ಲಿ ಮುಂದಿನ ಸೀಟಿಗೆ ಬರತಕ್ಕದ್ದು.

ನಾಲ್ಕನೆಯವಳು ಹುಚ್ಚಮ್ಮ. ಶಾಲೆಯ ಆಯಾ, ಗಂಟೆ ಹೊಡೆಯುವವಳು. ಅರಸೀಕೆರೆ ಬಿಟ್ಟು ಹತ್ತು ನಿಮಿಷಕ್ಕೆ ಸಿಗುವ ಒಂದು ಹಳ್ಳಿಯ ಗೇಟಿನಲ್ಲಿ, ಅಂದರೆ ಹಳ್ಳಿಗೆ ದಾರಿ ಒಡೆಯುವ ಕಡೆ, ಹತ್ತಿ ಹಿಂದೆ ಮೂಲೆಯಲ್ಲಿ ಕೂರುತ್ತಿದ್ದಳು. ಅವಳದು ಗುಂಡಿ ಒತ್ತುವ ಫೋನು. ಮುಚ್ಚಳ ಬೀಳದಿರಲೆಂದು ರಬ್ಬರ್ ಬ್ಯಾಂಡು ಸುತ್ತಿತ್ತು.

"ನನ್ ಸರದಿ ಎಷ್ಟೊತ್ತಿಗೆ ಗುಮಾಸ್ತಪ್ಪ?" ಎಂದು ಕೇಳಿದಳು.

"ಅದು ಇದ್ರಲ್ಲಿ ಚಾರ್ಜ್ ಆಗಲ್ಲ ಹುಚ್ಚಮ್ಮ."

"ಆಗ್ದಿದ್ರೆ ಬ್ಯಾಡ. ಇಡಕ್ಕೇನು?"

ಶಿವಪ್ರಕಾಶ್ ನಕ್ಕರು. ಇಂದುಧರ ಪಟ್ಟಿಯ ಕೊನೆಗೆ ಪೆನ್ನಿನಲ್ಲಿ 'ಹುಚ್ಚಮ್ಮ, ಐದು ನಿಮಿಷ' ಎಂದು ಸೇರಿಸಿದ.

ಪಟ್ಟಿ ಜಾರಿಗೆ ಬಂದ ಸಂಜೆಯೇ ಪವಾಡ ಆಯಿತು. ರೇವಣಸಿದ್ದಪ್ಪನವರು ಫೋನನ್ನು ತಟ್ಟೆಯ ಮೇಲಿಟ್ಟರು. ನೀಲಿ ಬಳೆ ಹೊತ್ತಿತು. ಅವರ ಎರಡೂ ಕೈ ಖಾಲಿಯಾದವು. ಸ್ವಲ್ಪ ಹೊತ್ತು ಉಂಗುರ ತಿರುಗಿಸಿದರು. ಕಿಟಕಿಯಾಚೆ ತೆಂಗಿನ ಮರ ನೋಡಿದರು. ಅವು ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವು. ಆಮೇಲೆ ಬಾಯಿ ಬಿಟ್ಟರು.

"ಮಂಡಿ ನೋವು ಕಣಪ್ಪ ಇಂದುಧರ."

ಮಂಡಿಯಿಂದ ಮಾತು ಹತ್ತಿರದ ಗಂಡಸಿ ಊರಿನ ನಾಟಿ ವೈದ್ಯನ ಬಳಿಗೆ ಹೋಯಿತು, ವೈದ್ಯನಿಂದ ಪಥ್ಯಕ್ಕೆ ಬಂತು. ಮೂರನೇ ದಿನ ಪಥ್ಯ ಏನೆಂಬುದೂ ಹೊರಗೆ ಬಿತ್ತು. ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವ ದಿನ ಮೂಗಿಗೆ ಟವೆಲ್ ಹಿಡಿದುಕೊಂಡು ನಿಲ್ಲುವ, ಮಠದ ಸಭೆಯಲ್ಲಿ ಬಾಳೆಹಣ್ಣಿನ ಪರವಾಗಿ ಭಾಷಣ ಮಾಡಿದ ರೇವಣಸಿದ್ದಪ್ಪನವರು, ಸೈಕಲ್ ಸ್ಟ್ಯಾಂಡಿನ ಹಿಂದೆ ನಿಂತು ದಿನಾ ಎರಡು ತಿನ್ನುತ್ತಿದ್ದರು.

ಸುಮಿತ್ರಮ್ಮನವರು ತಮ್ಮ ಸರದಿಯಲ್ಲಿ, ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದದ್ದನ್ನು ಹೇಳಿದರು. ಎಂಟಿನ ಆಕಾರದಲ್ಲಿ ಓಡಿಸುವಾಗ ಕಂಬ ಬೀಳಿಸಿದ್ದರು. ಎರಡನೇ ಸಲ ಕಂಬದ ಪಕ್ಕ ಅಂಕ ಬರೆಯುತ್ತಾ ನಿಂತಿದ್ದ ಇನ್ಸ್‌ಪೆಕ್ಟರರ ಖಾಲಿ ಕುರ್ಚಿಯನ್ನೂ. ರಾಜ್ಯ ಮಟ್ಟದ ಕಬಡ್ಡಿ ಆಟಗಾರ ಎಂದು ಶಾಲೆಯ ಗೋಡೆಯ ಮೇಲೆ ಹೆಸರು ಬರೆಸಿಕೊಂಡಿದ್ದ ಶಿವಪ್ರಕಾಶ್, ತಾನು ಆ ಪಂದ್ಯಗಳಲ್ಲಿ ಒಂದು ದಿನವೂ ಬೆಂಚು ಬಿಟ್ಟು ಅಂಕಣಕ್ಕೆ ಇಳಿದಿರಲಿಲ್ಲ ಎಂದರು.

ಹುಚ್ಚಮ್ಮ ಕೊನೆಯ ಐದು ನಿಮಿಷ ತನ್ನ ಫೋನನ್ನು ತಟ್ಟೆಯ ಮೇಲಿಟ್ಟು, "ಈ ವರ್ಸ ರಾಗಿ ತೆನೆ ಚೆನ್ನಾಗೈತೆ," ಎನ್ನುವಷ್ಟರಲ್ಲಿ ಅವಳ ಗೇಟು ಬಂದುಬಿಡುತ್ತಿತ್ತು.

ಇಂದುಧರ ಆ ಆರು ವಾರ ಬದುಕಿದ್ದ ಎನ್ನಬೇಕು. ಮನೆಗೆ ಹೋದ ಮೇಲೆ ಅನ್ನಕ್ಕಿಟ್ಟು, ಅವರು ಹೇಳಿದ್ದನ್ನೆಲ್ಲ ಮತ್ತೊಮ್ಮೆ ಮನಸ್ಸಿನಲ್ಲಿ ಓಡಿಸುತ್ತಿದ್ದ. ಮನೆಯಲ್ಲಿ ನಾಲ್ಕು ಜನ ಇದ್ದ ಹಾಗೆ ಆಗುತ್ತಿತ್ತು. ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಬರೆಯುವ ಅಗತ್ಯವಿರಲಿಲ್ಲ. ಆದರೆ ಅವನಿಗೆ ಕಾರಿನ ಹೊರಗೂ ಮಾತು ಬೇಕೆನಿಸಿತು.

ಒಂದು ಮಧ್ಯಾಹ್ನ ಸುಮಿತ್ರಮ್ಮ ಸಂಬಳದ ಚೀಟಿಗೆ ಆಫೀಸಿಗೆ ಬಂದಾಗ ಕಕ್ಕುಲಾತಿಯಿಂದ ಹೇಳಿದ: "ಮೇಡಂ, ಈ ಸಲ ಎಂಟು ಹಾಕುವಾಗ ಎಡಗಡೆ ಕನ್ನಡಿ ನೋಡ್ತಾ ಇರಿ. ಕಂಬ ತಾಗಲ್ಲ."

ಸುಮಿತ್ರಮ್ಮ ಚೀಟಿಗೆ ಚಾಚಿದ್ದ ಕೈ ಹಿಂದೆ ತಗೊಂಡರು. "ನಿಮಗ್ಯಾರು ಹೇಳಿದ್ದು?"

ಇಂದುಧರ ಗಲಿಬಿಲಿಗೊಂಡ. ಅವರು ಹೇಳಿದ್ದರು, ಅವನ ಪಕ್ಕದಲ್ಲೇ ಕೂತು, ಮೂರು ದಿನ. ಆದರೆ ಅವರಿಗದು ನಿಜವಾಗಿಯೂ ನೆನಪಿರಲಿಲ್ಲ. ಇದರಲ್ಲಿ ಕಪಟವಿಲ್ಲ. ಗುಮಾಸ್ತನಿಗೆ ಹೇಳಿದ್ದು ಹೇಳಿದ ಲೆಕ್ಕಕ್ಕೆ ಬರುವುದಿಲ್ಲ. ಇಪ್ಪತ್ತು ವರ್ಷದಿಂದ ಅವನ ಮೇಜಿನ ಮುಂದೆ ನಿಂತು ಗೋಡೆಯ ಕ್ಯಾಲೆಂಡರ್ ನೋಡುತ್ತಲೇ ರಜೆ, ಕಾಯಿಲೆ, ಬಾಣಂತನ ಎಲ್ಲವನ್ನೂ ಹೇಳಿ ಹೋದವರು ಅವರು.

ಅದೇ ವಾರ ಮೈದಾನದಲ್ಲಿ ಶಿವಪ್ರಕಾಶರಿಗೆ, "ಬೆಂಚಲ್ಲಿ ಕೂರೋದೂ ಆಟಾನೇ ಮೇಷ್ಟ್ರೇ," ಎಂದು ಸಮಾಧಾನ ಹೇಳಿದ. ಪೋಷಕರ ಸಭೆ ಮುಗಿಸಿ ಬಂದ ರೇವಣಸಿದ್ದಪ್ಪನವರಿಗೆ, "ಮಂಡಿ ಹೆಂಗಿದೆ ಸಾರ್? ಎರಡು ಸಾಕಾಗುತ್ತಾ?" ಎಂದ. ಅವರು ಕೈಯಲ್ಲಿದ್ದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದರು.

ಮಾರನೇ ದಿನ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಮೂವರೂ ತಂತಮ್ಮ ಫೋನಿನ ಕವರು ತೆಗೆದರು.

"ಏನ್ರೀ ಇದು, ಸುರುಳಿ ಸುರುಳಿ," ಎಂದರು ಸುಮಿತ್ರಮ್ಮ.

"ಚಿಪ್ಪು. ಅವನೇ ಕೈಯಾರ ಅಂಟಿಸಿದ್ನಲ್ಲ, ಕಡ್ಲೆಪುರಿ ಕೊಟ್ಟು," ಎಂದರು ಶಿವಪ್ರಕಾಶ್. "ತಟ್ಟೆಯಿಂದ ವೈರಿಲ್ದೆ ಕರೆಂಟು ಫೋನಿಗೆ ಬರುತ್ತೆ ಅಂದ್ಮೇಲೆ, ಫೋನಿಂದ ವೈರಿಲ್ದೆ ವಿಷಯ ತಟ್ಟೆಗೆ ಹೋಗಲ್ವಾ?"

ಇದನ್ನು ವಿಜ್ಞಾನದ ಮೇಷ್ಟ್ರನ್ನು ಕೇಳಬೇಕಿತ್ತು. ಆ ಹುದ್ದೆ ನಾಲ್ಕು ವರ್ಷದಿಂದ ಖಾಲಿ ಇತ್ತು.

"ಅಲ್ಲಾ, ಮೊಟ್ಟೆ ವಿಷ್ಯ ನಾನು ಫೋನಲ್ಲಿ ಯಾರಿಗೂ..." ಎಂದು ಶುರು ಮಾಡಿದ ರೇವಣಸಿದ್ದಪ್ಪನವರು ಕೆಮ್ಮಿ ನಿಲ್ಲಿಸಿದರು. "ಯಾವ್ದೋ ಒಂದು ವಿಷ್ಯ. ಅದು ನನ್ನ ಫೋನಲ್ಲೇ ಇರ್ಲಿಲ್ಲ. ಆದ್ರೂ ಎಳ್ಕೊಂಡಿದೆ ಅಂದ್ರೆ ಎಂಥ ತಟ್ಟೆ ಇರಬೇಕು."

ಶುಕ್ರವಾರ ಶಾಲೆಗೆ ಸೈಬರ್ ಜಾಗೃತಿ ಭಾಷಣಕ್ಕೆ ಕಾನ್‌ಸ್ಟೇಬಲ್ ಜವರಯ್ಯ ಬಂದರು. ಯಾರಿಗೂ ಓಟಿಪಿ ಹೇಳಬೇಡಿ ಎಂದು ಮಕ್ಕಳಿಂದ ಮೂರು ಸಲ ಹೇಳಿಸಿ ಮುಗಿಸುವಷ್ಟರಲ್ಲಿ ರೇವಣಸಿದ್ದಪ್ಪ ಅವರನ್ನು ಆಫೀಸಿಗೆ ಕರೆದೊಯ್ದು, ಫೋನಿನ ಬೆನ್ನಿನಿಂದ ಕಿತ್ತ ಪಟ್ಟಿಯನ್ನು ಕಾಗದದ ಮೇಲಿಟ್ಟು ತೋರಿಸಿದರು. ಜವರಯ್ಯ ಅದನ್ನು ಕಿಟಕಿಗೆ ಹಿಡಿದು, ಮೂಸಿ ನೋಡಿ, ಬಿಸಿಲಿಗೆ ತಿರುಗಿಸಿದರು.

"ಇದು ತಾಮ್ರ," ಎಂದರು. ಎಲ್ಲರೂ ತಲೆಯಾಡಿಸಿದರು. ತನಿಖೆ ಅಷ್ಟು ಮುಂದುವರಿದದ್ದು ಎಲ್ಲರಿಗೂ ಸಮಾಧಾನ ತಂದಿತು. "ಸ್ಥಳ ಪರೀಕ್ಷೆ ಆಗ್ಬೇಕು. ನನ್ನ ಫೋನಿಗೆ ಇದನ್ನ ಅಂಟಿಸಿ ಇಡ್ತೀನಿ. ಹದಿನೈದು ನಿಮಿಷ. ಅವನೂ ಪಕ್ಕದಲ್ಲಿರ್ಲಿ. ಏನು ಎಳ್ಕೊಳ್ತಾನೋ ನೋಡೇಬಿಡ್ತೀನಿ."

ಬೇವಿನ ಮರದ ಕೆಳಗೆ ಕಾರು ನಿಂತಿತ್ತು. ಜವರಯ್ಯ ಕೂತು ಫೋನು ಇಟ್ಟರು. ನೀಲಿ ಬಳೆ ಹೊತ್ತಿತು. ಇಂದುಧರ ಹೆದರಿ ಸ್ಟೇರಿಂಗ್ ಹಿಡಿದುಕೊಂಡು ಕೂತ. ಅವನು ಆಡಿದ್ದು ಒಂದೇ ಮಾತು: "ಎಸಿ ಹಾಕ್ಲಾ ಸಾರ್?"

ನಾಲ್ಕನೇ ನಿಮಿಷಕ್ಕೆ ಜವರಯ್ಯನವರ ಕೈ ಜೇಬಿಗೆ ಹೋಗಿ ಖಾಲಿ ಬಂತು. ಮೀಸೆ ನೇವರಿಸಿದರು. ಆಮೇಲೆ ಅವರ ಬಾಯಿ ಆಡತೊಡಗಿದ್ದು ಶಾಲೆಯ ವರಾಂಡದಲ್ಲಿ ನಿಂತವರಿಗೆ ಗಾಜಿನೊಳಗಿಂದ ಕಂಡಿತು. ಕೈ ಸನ್ನೆ ಮಾಡಿದರು. ಒಂದು ಸಲ ಕಣ್ಣೊರೆಸಿಕೊಂಡರು. ಹದಿನೈದು ನಿಮಿಷ ಮುಗಿದು ಇಪ್ಪತ್ತೈದಾಯಿತು. ಆಮೇಲೆ ಏನೋ ಹೊಳೆದವರಂತೆ ಥಟ್ಟನೆ ಮಾತು ನಿಲ್ಲಿಸಿ, ಫೋನು ಕಿತ್ತುಕೊಂಡು, ಟೋಪಿ ಕಾರಿನಲ್ಲೇ ಬಿಟ್ಟು ಹೊರಗೆ ಬಂದರು.

"ಯಂತ್ರದಲ್ಲಿ ಏನೂ ಇಲ್ಲ ಮೇಷ್ಟ್ರೇ," ಎಂದರು ಬೆವರೊರೆಸಿಕೊಳ್ಳುತ್ತಾ. "ಕೇಸು ನಿಲ್ಲಲ್ಲ. ಆದ್ರೆ ಆ ಮನುಷ್ಯನ ಪಕ್ಕ ಕೂರಬೇಡಿ." ಎರಡು ಹೆಜ್ಜೆ ಹೋದವರು ತಿರುಗಿ ಬಂದು, ಕಾರಿನಿಂದ ಇಳಿದು ನಿಂತಿದ್ದ ಇಂದುಧರನ ಕಿವಿಯಲ್ಲಿ, "ಫೈರಿಂಗ್ ಪ್ರಾಕ್ಟೀಸಲ್ಲಿ ನಾನು ಕಣ್ಣು ಮುಚ್ಕೊಳ್ಳೋ ವಿಷ್ಯ ಇಲ್ಲೇ ಇರ್ಲಿ," ಎಂದು ಹೇಳಿ ಬೈಕ್ ಹತ್ತಿದರು. ಟೋಪಿಗೆ ಆಮೇಲೆ ಬೇರೆ ಯಾರನ್ನೋ ಕಳಿಸಿದರು.

ಮೂವರೂ ಇಂದುಧರನನ್ನು ಆಫೀಸಿನಲ್ಲಿ ಸುತ್ತುಗಟ್ಟಿದರು.

"ಯಂತ್ರ ಅಲ್ಲ ಅಂದ್ರೆ ನಿನಗೆ ನಮ್ಮ ವಿಷಯಗಳು ಹೆಂಗೆ ಗೊತ್ತಾದ್ವು?" ಎಂದರು ರೇವಣಸಿದ್ದಪ್ಪ.

"ನೀವೇ ಹೇಳಿದ್ರಿ ಸಾರ್."

"ನಾನು ಯಾಕಯ್ಯಾ ನಿನಗೆ ಹೇಳ್ಲಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬರೀ ಆಶ್ಚರ್ಯವಿತ್ತು. ಸಿಟ್ಟಿದ್ದಿದ್ದರೆ ಇಂದುಧರ ತಡೆದುಕೊಳ್ಳುತ್ತಿದ್ದ. ಹೌದಲ್ಲ, ನನಗೆ ಯಾಕೆ ಹೇಳಬೇಕು ಎಂದು ಅವನಿಗೂ ಅನಿಸಿ, ಮೇಜಿನ ಮೇಲಿದ್ದ ರಬ್ಬರ್ ಸ್ಟಾಂಪನ್ನು ನೆಟ್ಟಗೆ ಇಟ್ಟ.

ಆಗ ಬಾಗಿಲಲ್ಲಿ ಗಂಟೆಯ ಕೊಡತಿ ಹಿಡಿದು ನಿಂತಿದ್ದ ಹುಚ್ಚಮ್ಮ ಬಾಯಿ ಬಿಟ್ಟಳು.

"ಹೇಳಿದ್ರಲ್ಲ ಸಾ. ನಾನೂ ಹಿಂದ್ಗಡೆ ಕುಂತಿದ್ನಲ್ಲ. ಗಂಡಸಿ ವೈದ್ಯ ದಿನಕ್ಕೆ ಎರಡು ಮೊಟ್ಟೆ ತಿನ್ನು ಅಂದ, ಸೈಕಲ್ ಸ್ಟ್ಯಾಂಡ್ ಹಿಂದೆ ತಿಂತೀನಿ ಅಂದ್ರಿ. ಈಯಮ್ಮ ಕುರ್ಚಿ ಕೆಡವಿದ್ದು ಹೇಳ್ತು. ಪೀಟಿ ಮೇಷ್ಟ್ರು ಆಡೇ ಇಲ್ವಂತೆ, ನೀರು ತುಂಬಿಸಿ ಕೊಡ್ತಿದ್ರಂತೆ. ಎಲ್ಲಾ ನೀವ್ನೀವೇ ಹೇಳಿದ್ದು. ಗುಮಾಸ್ತಪ್ಪ ಬರೀ ಹೂಂ ಅಂತಿದ್ದ."

ಇಷ್ಟು ದಿನ ಒಬ್ಬೊಬ್ಬರ ಗುಟ್ಟು ಒಬ್ಬೊಬ್ಬರಲ್ಲಿತ್ತು. ಹಿಂದಿನ ಸೀಟಿನ ಕಿವಿಗಳು ಆಗ ಕಬಡ್ಡಿಯಲ್ಲೋ ಸೀರೆಯಲ್ಲೋ ಇರುತ್ತಿದ್ದವು. ಈಗ ಎಲ್ಲರ ಗುಟ್ಟೂ ಎಲ್ಲರದಾಯಿತು. ಸುಮಿತ್ರಮ್ಮ ರೇವಣಸಿದ್ದಪ್ಪನವರ ಬಾಯಿಯನ್ನೇ ನೋಡಿದರು. ರೇವಣಸಿದ್ದಪ್ಪ ಶಿವಪ್ರಕಾಶರ ಟೀಶರ್ಟಿನ ಎದೆಯ ಮೇಲೆ ಅಚ್ಚಾಗಿದ್ದ ಪದಕ ನೋಡಿದರು.

"ಟೈಮಾಯ್ತು," ಎಂದು ಹುಚ್ಚಮ್ಮ ಹೋಗಿ ಗಂಟೆ ಹೊಡೆದಳು.

ಇಂದುಧರ ನಿರಪರಾಧಿ ಎಂದು ಹೀಗೆ ಸಂಶಯಾತೀತವಾಗಿ ಸಾಬೀತಾಯಿತು. ಆ ಸಂಜೆಯಿಂದಲೇ ಮೂವರೂ ಬಸ್ಸಿಗೆ ಹೋದರು. ಕಳ್ಳನಾಗಿದ್ದರೆ ಬೈದು, ತಟ್ಟೆ ಕೀಳಿಸಿ ಮತ್ತೆ ಕಾರು ಹತ್ತುತ್ತಿದ್ದರೇನೋ. ತಪ್ಪಿಲ್ಲದವನನ್ನು ಕ್ಷಮಿಸುವ ದಾರಿ ಅವರಿಗೆ ಗೊತ್ತಿರಲಿಲ್ಲ. ಮೂರು ತಾಮ್ರದ ಪಟ್ಟಿಗಳು ಒಂದು ಸರ್ಕಾರಿ ಲಕೋಟೆಯಲ್ಲಿ ಅವನ ಮೇಜಿಗೆ ವಾಪಸು ಬಂದವು. ಅವನು ಅಭ್ಯಾಸಬಲದಿಂದ 'ಸ್ವೀಕರಿಸಿದೆ' ಎಂದು ಸೀಲು ಹಾಕಿದ.

ಮಾರನೇ ದಿನ ಶನಿವಾರ, ಅರ್ಧ ದಿನದ ಶಾಲೆ. ಮಧ್ಯಾಹ್ನ ಕಾರು ತೆಗೆಯುವಾಗ ಹುಚ್ಚಮ್ಮ ಬಂದು, ಹಿಂದಿನ ಮೂಲೆಯಲ್ಲ, ಮುಂದೆ ಕೂತಳು. ಗ್ಲೋವ್ ಬಾಕ್ಸಿನ ಮೇಲಿನ ಪಟ್ಟಿಯನ್ನು ಬೆರಳಿಟ್ಟು ನೋಡಿದಳು.

"ಇವ್ರು ಮೂರೂ ಜನ ಬರಾಕಿಲ್ವಲ್ಲ. ಅವರ ಟೈಮು ಯಾರಿಗೆ?"

"ನಿಂಗೇ ಅಂತ ಇಟ್ಕೋ."

"ಹಂಗಾದ್ರೆ ಐವತ್ತು ನಿಮಿಷ," ಎಂದು ರಬ್ಬರ್ ಬ್ಯಾಂಡಿನ ಫೋನನ್ನು ತಟ್ಟೆಯ ಮೇಲಿಟ್ಟಳು. ನೀಲಿ ಬಳೆ ಹೊತ್ತಲಿಲ್ಲ. ಅವಳು ರಾಗಿಯಿಂದ ಶುರು ಮಾಡಿ, ತಿಪಟೂರಿನಲ್ಲಿರುವ ಮಗಳು ದಿವ್ಯಾಳ ಬಾಡಿಗೆ ಮನೆಗೆ ಬಂದು, ಬಾಣಾವರದ ತಂಗಿಯ ಮೇಲಿನ ಸಿಟ್ಟಿಗೆ ಹೋಗಿ, ಸಿಟ್ಟು ಅರ್ಧಕ್ಕಿರುವಾಗ ಗೇಟು ಬಂತೆಂದು ಇಳಿದಳು.

ಇಂದುಧರ ಮನೆ ಮುಟ್ಟಿ ಕಾರಿಗೆ ಚಾರ್ಜ್ ಹಾಕಿದ. ಕಾರಿಗಂತೂ ವೈರು ಬೇಕೇ ಬೇಕು. ಮುಂದೆ ಶನಿವಾರದ ಉಳಿದರ್ಧ ಇತ್ತು, ಅದರ ಹಿಂದೆ ಇಡೀ ಭಾನುವಾರ ಇತ್ತು. ಬೀಗ ತೆಗೆಯುತ್ತಿರುವಾಗ ಕಾರಿನೊಳಗಿಂದ ಫೋನು ಕೂಗಿತು. ಜೇಬು ಮುಟ್ಟಿ ನೋಡಿಕೊಂಡ. ಅವನದಲ್ಲ. ತಟ್ಟೆಯ ಮೇಲೆ ಹುಚ್ಚಮ್ಮನದು.

"ನಾನೇ ಕಣಪ್ಪ, ಪಕ್ಕದ ಮನೆ ಫೋನಿಂದ," ಎಂದಳು ಹುಚ್ಚಮ್ಮ. "ಬುಟ್ಟು ಬಂದ್ಬುಟ್ಟೆ."

"ಈಗಲೇ ತಂದು ಕೊಡ್ತೀನಿ, ಹತ್ತು ನಿಮಿಷದ ದಾರಿ."

"ಯಾಕ್ ಬತ್ತೀಯ ಸುಮ್ಕೆ. ಸೋಮವಾರ ತತ್ತಾ. ಮಗ್ಳು ಮಾಡ್ತಾಳೆ, ನನ್ ತಂಗಿ ಮಾಡ್ತಾಳೆ, ಡೇರಿಯವ್ರು ಮಾಡ್ತಾರೆ. ಎತ್ತಿ ಏನು ಅಂತ ಕೇಳ್ಕಂಡಿರು. ಸಿಕ್ದಾಗ ಹೇಳೀವಂತೆ. ಊಟ ಆಯ್ತಾ?"

"ಇನ್ನೂ ಇಲ್ಲ."

"ಉಣ್ಣು," ಎಂದು ಇಟ್ಟಳು.

ನಾಲ್ಕು ಗಂಟೆಯೊಳಗೆ ಆ ಫೋನಿಗೆ ಐದು ಕರೆ ಬಂದವು. ಇಂದುಧರ ಒಂದು ಕಾಗದಕ್ಕೆ ಗೆರೆ ಎಳೆದು, ಕ್ರಮ ಸಂಖ್ಯೆ ಹಾಕಿ, ಯಾರಿಂದ, ಏನು ವಿಷಯ ಎಂದು ಬರೆದಿಟ್ಟ. ಡೇರಿಯವರು ಹಾಲು ತೆಳು, ಡಿಗ್ರಿ ಕಮ್ಮಿ ಬಂತು ಎಂದರು. ಬಾಣಾವರದ ತಂಗಿ ಅಕ್ಕನ ಮೇಲಿನ ಸಿಟ್ಟನ್ನೆಲ್ಲ ಅವನಿಗೆ ಹೇಳಿ, ಕೊನೆಗೆ ಯಾರ್ರೀ ನೀವು ಎಂದಳು. ಸಿಟ್ಟಿನ ಉಳಿದರ್ಧ ಅವನಿಗೆ ಸಿಕ್ಕಿದಂತಾಯಿತು. ಐದನೆಯದು ದಿವ್ಯಾಳದು.

"ಓ, ಆ ತಟ್ಟೆಯೋರಾ?" ಎಂದಳು. "ಅವ್ವ ದಿನಾ ಹೇಳ್ತಾಳೆ ನಿಮ್ಮ ವಿಷ್ಯ. ನೋಡಿ ಸಾರ್, ಈ ಮನೆ ಓನರ್ರು..." ಎನ್ನುವಾಗ ಫೋನು ಟುಂಯ್ ಟುಂಯ್ ಎಂದು ನರಳಿ ಆರಿಹೋಯಿತು.

ಇಂದುಧರ ಅದನ್ನು ತಿರುಗಿಸಿ ನೋಡಿದ. ಸಣ್ಣ ಪಿನ್ನಿನ ಹಳೇ ಕಾಲದ ತೂತು. ಮನೆಯಲ್ಲಿದ್ದ ಯಾವ ವೈರೂ ಅದಕ್ಕೆ ಹೊಂದಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ ರಸ್ತೆಗೆ ಅರ್ಧ ಓಡಿಕೊಂಡೇ ಹೋದ.

"ಬನ್ನಿ ಸಾರ್," ಎಂದ ಚನ್ನೇಶ. "ತಟ್ಟೆ ಹೆಂಗೈತೆ?"

"ಚೆನ್ನಾಗಿದೆ. ಸಣ್ಣ ಪಿನ್ನಿಂದು ವೈರ್ ಚಾರ್ಜರ್ ಬೇಕು, ಬೇಗ ಕೊಡು."

"ವೈರಾದ್ರೆ ಫೋನು ಕೈಲೇ ಇರುತ್ತೆ ಅಂದಿದ್ರಿ?"

"ಇರ್ಲಿ ಕೊಡು."

ಚನ್ನೇಶ ಎರಡು ಡಬ್ಬಿ ತಡಕಿ, ಧೂಳು ಹಿಡಿದ ಒಂದನ್ನು ಊದಿ ಕೊಟ್ಟ. ಮನೆಗೆ ಬಂದು ಗೋಡೆಗೆ ಸಿಕ್ಕಿಸಿದರೆ ಪ್ಲಗ್ಗು ನೆಲದಿಂದ ಒಂದು ಮೊಳ ಎತ್ತರದಲ್ಲಿ, ವೈರು ಅದಕ್ಕಿಂತ ಗಿಡ್ಡ. ಕುರ್ಚಿಯಲ್ಲಿ ಕೂತರೆ ಕಿವಿಗೆ ಎಟುಕುತ್ತಿರಲಿಲ್ಲ. ಇಂದುಧರ ಗೋಡೆಗೆ ಒರಗಿ ನೆಲದ ಮೇಲೆ ಕೂತ, ಫೋನು ಜೀವ ಹಿಡಿದು ದಿವ್ಯಾಳ ಕರೆ ಮತ್ತೆ ಬಂದಾಗ ತಲೆ ಬಗ್ಗಿಸಿ ಅದನ್ನು ಕಿವಿಗೆ ಹಿಡಿದ.

"ಹೂಂ, ಹೇಳಮ್ಮ," ಎಂದ. "ಓನರ್ರು ಏನಂದ್ರು?"